ಫ್ಲುಕೊನಜೋಲ್ ಪ್ಲೇಟ್‌ನಲ್ಲಿ ಕ್ಯಾಂಡಿಡಾ ಬಾಲ ಬಿಟ್ಟಾಗ: ತಪ್ಪು ಹುಡುಕುವ ಕ್ರಮ

ಕ್ಯಾಂಡಿಡಾ ಎಂಬ ಯೀಸ್ಟಿನ (ಒಂದು ಶಿಲೀಂಧ್ರ) ಒಂದೇ ಸ್ಟ್ರೇನ್ ಅಂದರೆ ತಳಿ, ಒಂದೇ ಔಷಧ, ಒಂದೇ ಕೈ. ಮೊದಲ ವಾರ ಶಿಲೀಂಧ್ರದ ಔಷಧ ಫ್ಲುಕೊನಜೋಲ್‌ನ ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ, ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಬಂತು. ಎರಡು ವಾರ ಬಿಟ್ಟು ಮತ್ತೆ ಹಾಕಿದರೆ 64ರ ವೆಲ್‌ನಲ್ಲೂ (ಪ್ಲೇಟ್‌ನ ಸಣ್ಣ ಗುಳಿ) ಮಬ್ಬು, ಅಂದರೆ ಬೆಳವಣಿಗೆ. ಕ್ಯಾಂಡಿಡಾ ಆಲ್ಬಿಕನ್ಸ್‌ಗೆ 2 ಅಥವಾ ಅದಕ್ಕಿಂತ ಕಡಿಮೆ ಬಂದರೆ ಔಷಧ ನಾಟುತ್ತದೆ. 8 ಅಥವಾ ಜಾಸ್ತಿ ಬಂದರೆ ರೆಸಿಸ್ಟೆಂಟ್, ಔಷಧಕ್ಕೆ ಜಗ್ಗದ್ದು. ನಮ್ಮ ಸ್ಟ್ರೇನ್ ಎರಡು ವಾರದಲ್ಲಿ ಈ ದಡದಿಂದ ಆ ದಡಕ್ಕೆ ಹಾರಿತ್ತು.

ನಾನು ಕೆಲಸ ಮಾಡುವುದು ಧಾರವಾಡದ ಒಂದು ಸಣ್ಣ ಲ್ಯಾಬ್‌ನಲ್ಲಿ. ಸ್ಯಾಂಪಲ್ ಹುಬ್ಬಳ್ಳಿಯಿಂದ ಬರುತ್ತದೆ, ಗದಗ, ಹಾವೇರಿ ಕಡೆಯಿಂದಲೂ ಬರುತ್ತದೆ. ಈ ಸ್ಟ್ರೇನ್ ಒಬ್ಬ ರೋಗಿಯ ರಕ್ತದ ಕಲ್ಚರ್‌ನಲ್ಲಿ ಸಿಕ್ಕಿದ್ದು. ನಾವು ‘ರೆಸಿಸ್ಟೆಂಟ್’ ಎಂದು ಬರೆದರೆ ಡಾಕ್ಟರು ಫ್ಲುಕೊನಜೋಲ್ ನಿಲ್ಲಿಸಿ ಎಕೈನೊಕ್ಯಾಂಡಿನ್ ಎಂಬ ಬೇರೆ ಗುಂಪಿನ ಔಷಧದ ಇಂಜೆಕ್ಷನ್‌ಗೆ ಹೋಗುತ್ತಾರೆ. ಅದರ ಬೆಲೆ ಕೇಳಿ ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂತುಬಿಡುವ ಮನೆಯವರನ್ನು ನಾನು ನೋಡಿದ್ದೇನೆ. ಬೇಕಿದ್ದರೆ ಕೊಡಲೇಬೇಕು, ಅದರಲ್ಲಿ ಮಾತಿಲ್ಲ. ಆದರೆ ನಮ್ಮ ಪ್ಲೇಟ್‌ನ ತಪ್ಪಿಗೆ ಅವರು ದುಡ್ಡು ಕಟ್ಟಬಾರದು. ಅದಕ್ಕೇ ರಿಪೋರ್ಟ್ ತಡೆದು ಹುಡುಕಲು ಕೂತೆವು. ನಾವು ಹುಡುಕಿದ ಕ್ರಮವನ್ನು, ಸುಮ್ನೆ ಓಡಾಡಿದ ದಾರಿಗಳನ್ನು ಬಿಟ್ಟು, ಇಲ್ಲಿ ಬರೆದಿದ್ದೇನೆ.

ಮೊದಲು ಪ್ಲೇಟನ್ನೇ ಕಿಟಕಿಗೆ ಹಿಡಿದು ನೋಡಿ

ಮೆಷಿನ್ ಓದಿದ ಅಂಕಿ ನೋಡುವ ಮೊದಲು ಕಣ್ಣಿನಿಂದ ನೋಡಿ. ನಮ್ಮ ಪ್ಲೇಟ್‌ನಲ್ಲಿ ಮೊದಲ ಕಾಲಂ 64, ಆಮೇಲೆ ಅರ್ಧರ್ಧ ಇಳಿಯುತ್ತಾ ಹತ್ತನೇ ಕಾಲಂ 0.125. ಹನ್ನೊಂದರಲ್ಲಿ ಔಷಧ ಇಲ್ಲ, ಬರೀ ಯೀಸ್ಟ್. ಹನ್ನೆರಡರಲ್ಲಿ ಯೀಸ್ಟೂ ಇಲ್ಲ, ಬರೀ ಮೀಡಿಯಾ, ಅಂದರೆ ಯೀಸ್ಟ್ ಬೆಳೆಸುವ ಪೋಷಕ ದ್ರವ.

ನಿಜವಾದ ರೆಸಿಸ್ಟೆಂಟ್ ಸ್ಟ್ರೇನ್ ಬೇರೆಯೇ ಕಾಣುತ್ತದೆ. ಔಷಧ ಇಲ್ಲದ ವೆಲ್‌ನ ತಳದಲ್ಲಿ ಎಷ್ಟು ದಪ್ಪ ಗುಂಡಿ ಇದೆಯೋ, 8, 16, 32ರಲ್ಲೂ ಅಷ್ಟೇ ದಪ್ಪ ಇರುತ್ತದೆ. ಬೇಯಿಸಿದ ಸಬ್ಬಕ್ಕಿ ಕಾಳು ಕೂತ ಹಾಗೆ.

ನಮ್ಮ ಪ್ಲೇಟ್ ಹಾಗೆ ಇರಲಿಲ್ಲ. 0.25ರವರೆಗೆ ದಪ್ಪ ಗುಂಡಿ. 0.5, 1 ಬರುವಷ್ಟರಲ್ಲಿ ಧಡಕ್ಕನೆ ಇಳಿದಿದೆ. ಆಮೇಲೆ ಇಳಿಯುವುದೇ ಇಲ್ಲ. 2ರಲ್ಲಿ ಎಷ್ಟು ತೆಳು ಮಬ್ಬೋ 64ರಲ್ಲೂ ಅಷ್ಟೇ. ಔಷಧ 32 ಪಟ್ಟು ಜಾಸ್ತಿ ಮಾಡಿದರೂ ಏನೂ ವ್ಯತ್ಯಾಸ ಇಲ್ಲ. ಇದಕ್ಕೆ ಟ್ರೇಲಿಂಗ್ ಅನ್ನುತ್ತಾರೆ. ನಾವು ಲ್ಯಾಬ್‌ನಲ್ಲಿ ಬಾಲ ಅನ್ನುತ್ತೇವೆ. ಬಾಲ ಕಂಡ ಕೂಡಲೇ ರೆಸಿಸ್ಟೆನ್ಸ್ ಎಂಬ ಮಾತನ್ನು ಪಕ್ಕಕ್ಕಿಡಿ.

ಓದಿದ್ದು ಎಷ್ಟು ಗಂಟೆಗೆ?

ನಮ್ಮ ಮೊದಲ ತಪ್ಪು ಇಲ್ಲೇ ಸಿಕ್ಕಿತು. ಮೊದಲ ಪ್ಲೇಟ್ 24 ಗಂಟೆಗೆ ಓದಿದ್ದು. ಎರಡನೆಯದನ್ನು ಶನಿವಾರ ಹಾಕಿ, ಭಾನುವಾರ ರಜೆ ಅಂತ ಸೋಮವಾರ ಓದಿದ್ದು. ಅಂದರೆ 48 ಗಂಟೆ. ಫ್ಲುಕೊನಜೋಲ್ ಯೀಸ್ಟನ್ನು ಕೊಲ್ಲುವ ಔಷಧ ಅಲ್ಲ, ಬೆಳೆಯದಂತೆ ತಡೆಯುವ ಔಷಧ. ತಡೆದರೂ ನಿಧಾನಕ್ಕೆ ತೆವಳುವ ಕೋಶಗಳಿಗೆ ಇನ್ನೊಂದು ದಿನ ಕೊಟ್ಟರೆ ಮಬ್ಬು ಏರಿಯೇ ಏರುತ್ತದೆ. ಈಗ ನಾವು ಓದುವುದು 35 ಡಿಗ್ರಿಯಲ್ಲಿ 24 ಗಂಟೆಗೆ, ಔಷಧ ಇಲ್ಲದ ವೆಲ್‌ಗೆ ಹೋಲಿಸಿ ಶೇ. 50 ಇಳಿದ ಜಾಗಕ್ಕೆ. ಪೂರ್ತಿ ತಿಳಿಯಾದ ವೆಲ್ ಹುಡುಕಬಾರದು. ಅಜೋಲ್‌ಗಳಿಗೆ, ಅಂದರೆ ಫ್ಲುಕೊನಜೋಲ್ ಗುಂಪಿನ ಔಷಧಗಳಿಗೆ, ಆ ಲೆಕ್ಕ ಇಲ್ಲ.

ಯೀಸ್ಟ್ ಹಾಕಿದ ಪ್ರಮಾಣವನ್ನೂ ಆಗಲೇ ನೋಡಿಕೊಳ್ಳಿ. ವೆಲ್‌ನಲ್ಲಿ ಒಂದು ಮಿಲಿಲೀಟರಿಗೆ 500ರಿಂದ 2,500 ಕೋಶ ಇರಬೇಕು. ಹನ್ನೊಂದನೇ ಕಾಲಂನಿಂದ ಹಾಕಿದ ಕೂಡಲೇ ಒಂದು ಹನಿ ಸಬೂರೋ ಅಗಾರ್ ಮೇಲೆ ಹರಡಿ ಮರುದಿನ ಕಾಲೊನಿ ಎಣಿಸಿದರೆ ಸಾಕು. ಜಾತಿ ಯಾವುದೆಂದೂ ಖಾತ್ರಿ ಮಾಡಿಕೊಳ್ಳಿ. ಕ್ಯಾಂಡಿಡಾ ಕ್ರೂಸಿ ಆಗಿದ್ದರೆ ಈ ಹುಡುಕಾಟವೇ ಬೇಡ. ಅದು ಹುಟ್ಟಾ ಫ್ಲುಕೊನಜೋಲ್‌ಗೆ ಜಗ್ಗುವುದಿಲ್ಲ.

24 ಗಂಟೆಗೇ ಓದೋಣ ಎಂದು ಮೂರನೇ ಪ್ಲೇಟ್ ಹಾಕಿದೆವು. ಬಾಲ ಸಣ್ಣದಾಯಿತು, ಆದರೆ ಹೋಗಲಿಲ್ಲ. ಶೇ. 50ರ ಗೆರೆಯ ಆಚೆ ಈಚೆ ತೂಗಾಡುತ್ತಿತ್ತು. ಒಂದು ಸಾಲಿನಲ್ಲಿ ಎಂಐಸಿ 1, ಪಕ್ಕದ ಸಾಲಿನಲ್ಲಿ 64ಕ್ಕಿಂತ ಜಾಸ್ತಿ. ಒಂದೇ ಪ್ಲೇಟ್‌ನಲ್ಲಿ! ಅಂದರೆ ಗಡಿಯಾರ ಒಂದೇ ಕಾರಣ ಅಲ್ಲ.

ಕಂಟ್ರೋಲ್ ಸ್ಟ್ರೇನ್ ಸರಿ ಬಂದರೂ ನಂಬಿ ಕೂರಬೇಡಿ

ಪರೀಕ್ಷೆ ಸರಿ ಇದೆಯೇ ಎಂದು ನೋಡಲು ಹಾಕುವ ಕಂಟ್ರೋಲ್ ಸ್ಟ್ರೇನ್, ಎಟಿಸಿಸಿ 22019 ಎಂಬ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್‌ಗೆ ಫ್ಲುಕೊನಜೋಲ್ 24 ಗಂಟೆಗೆ 0.5ರಿಂದ 4ರ ಒಳಗೆ ಬರಬೇಕು. ನಮ್ಮದು ಬಂದಿತ್ತು, ಮೇಲಿನ ತುದಿಯಲ್ಲಿ. ಹಾಗಾಗಿ ಔಷಧ ಸರಿ ಇದೆ, ಮೀಡಿಯಾ ಸರಿ ಇದೆ ಎಂದುಕೊಂಡು ನಾವು ನಾಲ್ಕು ದಿನ ಕಳೆದೆವು. ಆದರೆ ನಮ್ಮ ಕೈಯಲ್ಲಿ ಆ ಸ್ಟ್ರೇನ್ ಬಾಲ ಬಿಟ್ಟಿದ್ದೇ ಇಲ್ಲ. ಬಾಲ ಇಲ್ಲದ ಸ್ಟ್ರೇನ್ ಬಾಲದ ತಪ್ಪನ್ನು ತೋರಿಸುವುದು ಹೇಗೆ? ಈಗ ನಾವು ಗೊತ್ತಿದ್ದೇ ಬಾಲ ಬಿಡುವ ಒಂದು ಆಲ್ಬಿಕನ್ಸ್ ಸ್ಟ್ರೇನನ್ನು ಪ್ರತಿ ಹೊಸ ಬ್ಯಾಚ್ ಮೀಡಿಯಾದ ಜೊತೆ ಹಾಕುತ್ತೇವೆ. ಅದರ ಬಾಲ ಉದ್ದವಾದರೆ ಬ್ಯಾಚ್ ಹೊರಗೆ.

ಈ ಬಾಲ ಹುಟ್ಟುವುದು ಎಲ್ಲಿಂದ

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ತಿಳಿಯದೆ ಮುಂದಿನ ಪರೀಕ್ಷೆಗಳು ಬರೀ ಅಡುಗೆ ಪಟ್ಟಿ ಆಗಿಬಿಡುತ್ತವೆ.

ಶಿಲೀಂಧ್ರದ ಕೋಶದ ಪೊರೆ ಗಟ್ಟಿಯಾಗಿ ನಿಲ್ಲುವುದು ಎರ್ಗೊಸ್ಟೆರಾಲ್‌ನಿಂದ. ನಮ್ಮ ಕೋಶದಲ್ಲಿ ಕೊಲೆಸ್ಟೆರಾಲ್ ಇದ್ದಂತೆ ಅದಕ್ಕೆ ಇದು. ಫ್ಲುಕೊನಜೋಲ್ ಇದನ್ನು ಮಾಡುವ ಇಆರ್‌ಜಿ11 ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಪೊರೆ ಸಡಿಲವಾಗುತ್ತದೆ. ಕೋಶಕ್ಕೆ ಆ ಸುದ್ದಿ ಮುಟ್ಟಿಸುವುದೇ ಕ್ಯಾಲ್ಸಿಯಂ.

ಕೋಶದ ರಸದಲ್ಲಿ ಬಿಡಿ ಕ್ಯಾಲ್ಸಿಯಂ ತೀರಾ ಕಡಿಮೆ, ಸುಮಾರು 100 ನ್ಯಾನೊಮೋಲಾರ್. ಹೊರಗಿನ ದ್ರವದಲ್ಲಿ ಅದರ ಸಾವಿರಾರು ಪಟ್ಟು. ಕೋಶ ತನ್ನ ಕ್ಯಾಲ್ಸಿಯಂನ ಬಹುಪಾಲನ್ನು ವ್ಯಾಕ್ಯೂಲ್ ಎಂಬ ಚೀಲದಲ್ಲಿ ತುಂಬಿಡುತ್ತದೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಹಾಗೆ. ಪಿಎಂಸಿ1 ಎಂಬ ಪಂಪ್ ಹಗೇವಿಗೆ ತುಂಬುತ್ತದೆ. ವೈವಿಸಿ1 ಎಂಬ ಬಾಗಿಲಿನಿಂದ ಹೊರಗೆ ತೆಗೆಯುತ್ತದೆ. ಹೊರ ಪೊರೆಯಲ್ಲಿ ಸಿಸಿಎಚ್1 ಮತ್ತು ಎಂಐಡಿ1 ಸೇರಿ ಇನ್ನೊಂದು ಬಾಗಿಲು.

ಪೊರೆ ಸಡಿಲಾದಾಗ ಆ ಹೊರ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕ್ಯಾಲ್ಮೊಡುಲಿನ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ಹೋಗಿ ಕ್ಯಾಲ್ಸಿನ್ಯೂರಿನ್ ಕಿಣ್ವವನ್ನು ಎಬ್ಬಿಸುತ್ತದೆ. ಕ್ಯಾಲ್ಸಿನ್ಯೂರಿನ್ ಮಾಡುವ ಕೆಲಸ ಒಂದೇ, ಬೇರೆ ಪ್ರೋಟೀನ್‌ಗಳ ಮೈಮೇಲಿನ ಫಾಸ್ಫೇಟ್ ಕಿತ್ತು ಹಾಕುವುದು. ಸಿಆರ್‌ಝಡ್1 ಎಂಬ ಪ್ರೋಟೀನ್‌ನಿಂದ ಕಿತ್ತ ಕೂಡಲೇ ಅದು ಕೋಶಕೇಂದ್ರದ ಒಳಗೆ ಹೋಗಿ ರಿಪೇರಿಯ ಜೀನ್‌ಗಳನ್ನು ಶುರು ಮಾಡುತ್ತದೆ. ಆದರೆ ಸಿಆರ್‌ಝಡ್1 ಒಂದರಿಂದಲೇ ಎಲ್ಲ ಆಗುವುದಿಲ್ಲ. ಆಲ್ಬಿಕನ್ಸ್‌ನಲ್ಲಿ ಸಿಆರ್‌ಝಡ್1 ತೆಗೆದರೆ ಅಜೋಲ್‌ಗೆ ಸ್ವಲ್ಪ ಸೊರಗುತ್ತದೆ, ಕ್ಯಾಲ್ಸಿನ್ಯೂರಿನ್ ತೆಗೆದರೆ ಸತ್ತೇ ಹೋಗುತ್ತದೆ. ಆಲ್ಬಿಕನ್ಸ್‌ನಲ್ಲಿ ಕ್ಯಾಲ್ಸಿನ್ಯೂರಿನ್‌ನ ಈ ಪಾತ್ರವನ್ನು 2002, 2003ರ ಹೊತ್ತಿಗೆ ತೋರಿಸಿದರು. ಕ್ಯಾಲ್ಸಿನ್ಯೂರಿನ್ ಇಲ್ಲದ ಆಲ್ಬಿಕನ್ಸ್ ರಕ್ತದ ಸೀರಂನಲ್ಲೂ ಬದುಕುವುದಿಲ್ಲ. ಅಲ್ಲಿನ ಕ್ಯಾಲ್ಸಿಯಂ ಪ್ರಮಾಣವನ್ನೇ ಅದು ತಡೆಯಲಾರದು.

ಹಾಗಾಗಿ ಬಾಲ ಎಂದರೆ ಔಷಧ ನಾಟದೆ ಇರುವುದಲ್ಲ. ಔಷಧ ನಾಟಿದೆ, ಪೊರೆ ಸಡಿಲಾಗಿದೆ, ಆದರೂ ಒಂದಿಷ್ಟು ಕೋಶಗಳು ಕ್ಯಾಲ್ಸಿಯಂ ಸುದ್ದಿ ಹಿಡಿದು ತಾಳಿಕೊಂಡು ನಿಧಾನಕ್ಕೆ ಬೆಳೆಯುತ್ತಿವೆ. ರೆಸಿಸ್ಟೆನ್ಸ್ ಬೇರೆ, ತಾಳಿಕೆ ಬೇರೆ. ರೆಸಿಸ್ಟೆಂಟ್ ಆದಾಗ ಇಆರ್‌ಜಿ11 ಜೀನ್ ಬದಲಾಗಿರುತ್ತದೆ, ಅಥವಾ ಸಿಡಿಆರ್1, ಎಂಡಿಆರ್1 ಪಂಪ್‌ಗಳು ಔಷಧವನ್ನು ಹೊರಗೆ ಎಸೆಯುತ್ತಿರುತ್ತವೆ.

ಇದು ಗೊತ್ತಾದ ಮೇಲೆ ಪ್ರಶ್ನೆ ತಾನಾಗಿಯೇ ಬಂತು. ನಮ್ಮ ಮೀಡಿಯಾದಲ್ಲಿ ಕ್ಯಾಲ್ಸಿಯಂ ಎಷ್ಟಿದೆ?

ನೀರು

ನಮ್ಮ ಮೀಡಿಯಾ ಆರ್‌ಪಿಎಂಐ 1640. ಅದರ ಪುಡಿಯಲ್ಲಿ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಇರುತ್ತದೆ. ಅಂದರೆ 0.42 ಮಿಲಿಮೋಲಾರ್ ಕ್ಯಾಲ್ಸಿಯಂ. ಇಷ್ಟು ಇರಲೇಬೇಕು, ಇದು ಲೆಕ್ಕದಲ್ಲಿದೆ. ಲೆಕ್ಕದಲ್ಲಿ ಇಲ್ಲದ್ದು ನೀರಿನದು.

ನಮ್ಮ ಲ್ಯಾಬ್ ಕಾಕಾನನ್ನು ಕೇಳಿದೆ. ಮೀಡಿಯಾಕ್ಕೆ ನೀರು ಹಿಡಿದು ಕೊಡುವವರು ಅವರೇ.

“ಕಾಕಾ, ಹೋದ ತಿಂಗಳ ನೀರು ಎಲ್ಲಿಂದ ತಂದ್ರಿ?”

“ಡಿಸ್ಟಿಲ್ ನೀರಿನ ಕ್ಯಾನ್ ಮುಗದಿತ್ರೀ ಅಕ್ಕಾರ. ಕೆಳಗಿನ ಫಿಲ್ಟರ್ ನೀರ ಹಿಡದೀನ್ರಿ. ಅದೂ ಸ್ವಚ್ಛ ಐತಲ್ರಿ.”

ಅವರ ತಪ್ಪಲ್ಲ. ಕುಡಿಯಲು ಆ ನೀರು ಚೆನ್ನಾಗಿಯೇ ಇದೆ. ‘ಸ್ವಚ್ಛ’ ಎಂದರೆ ನಮಗೆ ಏನು ಬೇಕು ಎಂದು ನಾವೇ ಅವರಿಗೆ ಹೇಳಿರಲಿಲ್ಲ. ಧಾರವಾಡದ ನಳದಲ್ಲಿ ಮಲಪ್ರಭೆಯ ನೀರು ಬರುತ್ತದೆ. ಅದು ಬರದ ದಿನ ನಮ್ಮ ಕಟ್ಟಡದ ಟ್ಯಾಂಕಿಗೆ ಬೋರ್‌ವೆಲ್ ನೀರು ಏರಿಸುತ್ತಾರೆ. ಬೋರಿನ ಸವಳು ನೀರು ಎಂಥದ್ದೆಂದು ಗದಗ, ನವಲಗುಂದ ಕಡೆಯವರಿಗೆ ಹೇಳಬೇಕಾಗಿಲ್ಲ. ಬಚ್ಚಲ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಕ್ಯಾಲ್ಸಿಯಂ. ಫಿಲ್ಟರ್‌ನ ಮೆಂಬ್ರೇನ್ ಹಳೆಯದಾಗಿತ್ತು. ಟಿಡಿಎಸ್ ಪೆನ್ ಅದ್ದಿದರೆ 340. ಡಿಸ್ಟಿಲ್ಡ್ ನೀರಿಗೆ ಅದೇ ಪೆನ್ 3 ತೋರಿಸಿತು.

ಟಿಡಿಎಸ್ ನೋಡಿ ನಿಲ್ಲಬೇಡಿ. ಅದು ಉಪ್ಪಿನ ಒಟ್ಟು ಲೆಕ್ಕ, ಕ್ಯಾಲ್ಸಿಯಂ ಲೆಕ್ಕ ಅಲ್ಲ. ಡಿಗ್ರಿ ಕಾಲೇಜಿನ ಇಡಿಟಿಎ ಟೈಟ್ರೇಷನ್ ಇಲ್ಲಿ ಕೆಲಸಕ್ಕೆ ಬಂತು. ಪಿಎಚ್ 10ರಲ್ಲಿ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿದರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಎರಡೂ ಸೇರಿ ಗಡಸುತನ ಸಿಗುತ್ತದೆ. ದ್ರಾಕ್ಷಾರಸದ ಕೆಂಪು ಬಣ್ಣ ಕೊನೆಯ ಹನಿಗೆ ನೀಲಿಗೆ ತಿರುಗುತ್ತದೆ. ಕ್ಯಾಲ್ಸಿಯಂ ಮಾತ್ರ ಬೇಕಿದ್ದರೆ ಪಿಎಚ್ 12ಕ್ಕೆ ಏರಿಸಿ ಮ್ಯುರೆಕ್ಸೈಡ್ ಹಾಕಬೇಕು, ಗುಲಾಬಿಯಿಂದ ನೇರಳೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಎಂದರೆ 1 ಮಿಲಿಮೋಲಾರ್. ನಮ್ಮ ಫಿಲ್ಟರ್ ನೀರಿನಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು. ಪುಡಿಯಲ್ಲಿರುವ ಕ್ಯಾಲ್ಸಿಯಂಗಿಂತ ನೀರಿನಿಂದ ಬಂದದ್ದೇ ಹೆಚ್ಚು.

ಬೇಕರಿ ಯೀಸ್ಟ್‌ನಲ್ಲಿ ಈ ಪರಿಣಾಮ ಬಹಳ ಹಿಂದೆಯೇ ಗೊತ್ತಾಗಿದೆ. ಕ್ಯಾಲ್ಸಿಯಂ ಹಾಕಿದರೆ ಅಜೋಲ್‌ನ ಬಿಸಿ ಕಡಿಮೆ, ಕ್ಯಾಲ್ಸಿಯಂ ಹಿಡಿದಿಟ್ಟರೆ ಜಾಸ್ತಿ. ಬ್ಯಾಕ್ಟೀರಿಯಾ ಕೆಲಸ ಮಾಡುವವರಿಗೂ ಇದು ಹೊಸದಲ್ಲ. ಅವರ ಮೀಡಿಯಾ ಮ್ಯುಲ್ಲರ್ ಹಿಂಟನ್ ಬ್ರಾತ್‌ನಲ್ಲಿ ಕ್ಯಾಲ್ಸಿಯಂ ಲೀಟರಿಗೆ 20ರಿಂದ 25 ಮಿಲಿಗ್ರಾಂ ಇರಬೇಕೆಂದು ಕಟ್ಟುನಿಟ್ಟಾಗಿ ನೋಡುತ್ತಾರೆ ಅಲ್ವಾ? ಯೀಸ್ಟ್ ಬೆಂಚಿಗೆ ಬಂದಾಗ ಆ ಎಚ್ಚರ ಏಕೆ ಬಿಟ್ಟುಹೋಗುತ್ತದೋ!

ಹನ್ನೆರಡನೇ ಕಾಲಂ ಹೇಳಿದ್ದು

ಇದು ನಮಗೆ ಆಕಸ್ಮಿಕವಾಗಿ ಸಿಕ್ಕಿತು. ಹಳೆಯ ಪ್ಲೇಟನ್ನು ಬಿಸಾಡುವ ಮೊದಲು ಮತ್ತೊಮ್ಮೆ ಬೆಳಕಿಗೆ ಹಿಡಿದೆ. ಯೀಸ್ಟ್ ಹಾಕದ ಹನ್ನೆರಡನೇ ಕಾಲಂನಲ್ಲೂ ತೆಳ್ಳಗೆ ಧೂಳಿನಂಥ ಮಬ್ಬು. ಮೊದಲಿಗೆ ಎದೆ ಧಸಕ್ಕೆಂದಿತು, ಮೀಡಿಯಾ ಕೆಟ್ಟಿದೆ, ಬ್ಯಾಕ್ಟೀರಿಯಾ ಸೇರಿದೆ ಅಂತ. ಒಂದು ಹನಿ ತೆಗೆದು ಮೈಕ್ರೋಸ್ಕೋಪ್ ಕೆಳಗಿಟ್ಟೆ. ಯೀಸ್ಟ್ ಇಲ್ಲ, ಬ್ಯಾಕ್ಟೀರಿಯಾ ಇಲ್ಲ. ಸಣ್ಣ ಸಣ್ಣ ಆಕಾರವಿಲ್ಲದ ಹರಳು ಪುಡಿ. ವೆಲ್‌ಗೆ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆ. ಕಣ್ಣೆದುರೇ ತಿಳಿಯಾಯಿತು.

ಅದು ಕ್ಯಾಲ್ಸಿಯಂ ಫಾಸ್ಫೇಟ್. ಆರ್‌ಪಿಎಂಐಯಲ್ಲಿ ಫಾಸ್ಫೇಟ್ ಜಾಸ್ತಿ, ಸುಮಾರು 5.6 ಮಿಲಿಮೋಲಾರ್. ಗಡಸು ನೀರಿನ ಕ್ಯಾಲ್ಸಿಯಂ ಅದರ ಜೊತೆ ಸೇರಿ 35 ಡಿಗ್ರಿಯಲ್ಲಿ ನಿಧಾನಕ್ಕೆ ಕೂತಿದೆ. ಮೆಷಿನ್‌ಗೆ ಯೀಸ್ಟಿನ ಮಬ್ಬೂ ಒಂದೇ, ಸುಣ್ಣದಂಥ ಈ ಮಬ್ಬೂ ಒಂದೇ. ನಮ್ಮ ಬಾಲದ ಒಂದು ಪಾಲು ಯೀಸ್ಟೇ ಅಲ್ಲ! ಹನ್ನೆರಡನೇ ಕಾಲಂನ ಅಂಕಿ ಕಳೆದು ಲೆಕ್ಕ ಹಾಕಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಆ ಕಾಲಂ ಅನ್ನು ನಾವು ‘ತಿಳಿ ಇದೆಯಾ’ ಎಂದು ಕಣ್ಣು ಹಾಯಿಸಿ ಬಿಡುತ್ತಿದ್ದೆವು.

ಬಾಲ ಕ್ಯಾಲ್ಸಿಯಂದೇ ಹೌದೋ ಅಲ್ಲವೋ

ಡಿಸ್ಟಿಲ್ಡ್ ನೀರಿನಲ್ಲಿ ಹೊಸ ಮೀಡಿಯಾ ಮಾಡಿ ಹಾಕಿದೆವು. 24 ಗಂಟೆಗೆ ಎಂಟೂ ಸಾಲಿನಲ್ಲಿ ಎಂಐಸಿ 1. ಬಾಲ ಗೆರೆಯ ಕೆಳಗೆ ಇಳಿದಿತ್ತು, ಆದರೂ ಇತ್ತು. ಉಳಿದ ಈ ಬಾಲ ಸ್ಟ್ರೇನಿನದೇ ಗುಣ. ಅದು ಕ್ಯಾಲ್ಸಿನ್ಯೂರಿನ್ ದಾರಿಯದೇ ಎಂದು ನೋಡಲು ಪ್ಲೇಟ್‌ನಲ್ಲಿ ಕೆಲವು ಸಾಲು ಬೇರೆ ಮಾಡಿ.

ಮೊದಲ ಜೊತೆ, ಫ್ಲುಕೊನಜೋಲ್ ಜೊತೆ ಸೈಕ್ಲೊಸ್ಪೊರಿನ್. ಕಿಡ್ನಿ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಔಷಧವೇ ಇದು. ಮನುಷ್ಯರ ರಕ್ಷಣಾ ಕೋಶಗಳಲ್ಲಿ ಕ್ಯಾಲ್ಸಿನ್ಯೂರಿನ್ ತಡೆಯುತ್ತದೆ, ಶಿಲೀಂಧ್ರದಲ್ಲೂ ಅದನ್ನೇ ತಡೆಯುತ್ತದೆ. ನಾವು ಪ್ರತಿ ವೆಲ್‌ನಲ್ಲಿ ಮಿಲಿಲೀಟರಿಗೆ ಸುಮಾರು 1 ಮೈಕ್ರೋಗ್ರಾಂ ಬರುವಂತೆ ಹಾಕಿದೆವು. ಬರೀ ಸೈಕ್ಲೊಸ್ಪೊರಿನ್ ಇರುವ ಒಂದು ಸಾಲು, ಅದನ್ನು ಕರಗಿಸಿದ ದ್ರವ ಮಾತ್ರ ಇರುವ ಒಂದು ಸಾಲು ಬಿಡಲೇಬೇಡಿ. ನಮ್ಮಲ್ಲಿ ಬರೀ ಸೈಕ್ಲೊಸ್ಪೊರಿನ್‌ಗೆ ಯೀಸ್ಟ್ ಆರಾಮಾಗಿ ಬೆಳೆಯಿತು. ಎರಡೂ ಸೇರಿದ ಸಾಲಿನಲ್ಲಿ ಬಾಲವೇ ಮಾಯ. 2ರಿಂದ 64ರವರೆಗೆ ವೆಲ್‌ಗಳು ನೀರಿನ ಹಾಗೆ ತಿಳಿ. 48 ಗಂಟೆಗೂ ತಿಳಿ. ಆ ವೆಲ್‌ಗಳಿಂದ ಹನಿ ತೆಗೆದು ಔಷಧ ಇಲ್ಲದ ಅಗಾರ್ ಮೇಲೆ ಹಾಕಿದೆವು. ಬರೀ ಫ್ಲುಕೊನಜೋಲ್ ವೆಲ್‌ನಿಂದ ಎಣಿಸಲಾರದಷ್ಟು ಕಾಲೊನಿ, ಜೋಡಿ ವೆಲ್‌ನಿಂದ ಬೆರಳೆಣಿಕೆ. ತಡೆಯುವ ಔಷಧ ಕೊಲ್ಲುವ ಔಷಧ ಆಗಿತ್ತು. ನಾನು ಇದನ್ನು ಓದಿ ತಿಳಿದಿದ್ದೆ. ಕಣ್ಣಾರೆ ಕಂಡಾಗ ಆ ಪ್ಲೇಟನ್ನು ಎಲ್ಲರನ್ನೂ ಕರೆದು ತೋರಿಸಿದೆ.

ಕ್ಯಾಲ್ಸಿನ್ಯೂರಿನ್ ತಡೆಯುವ ಇನ್ನೊಂದು ಔಷಧ ಎಫ್‌ಕೆ506ನಿಂದಲೂ ಇದೇ ಆಗುತ್ತದೆ. ಆದರೆ ಅದು ಸಿಡಿಆರ್1 ಪಂಪನ್ನೂ ಅಡ್ಡಗಟ್ಟುತ್ತದೆ. ಪಂಪ್‌ನಿಂದ ರೆಸಿಸ್ಟೆಂಟ್ ಆದ ಸ್ಟ್ರೇನಿನಲ್ಲೂ ಎಂಐಸಿ ಇಳಿದು ಕ್ಯಾಲ್ಸಿನ್ಯೂರಿನ್ ಕಾರಣ ಎಂದು ಮೋಸ ಹೋಗಬಹುದು. ಅದಕ್ಕೇ ಎಂಐಸಿ ಇಳಿಯಿತೋ, ಬಾಲ ಮಾತ್ರ ಹೋಯಿತೋ ಎಂದು ಬೇರೆ ಬೇರೆ ಬರೆದುಕೊಳ್ಳಿ.

ಎರಡನೇ ಜೊತೆ ಇಜಿಟಿಎ, 1 ಮಿಲಿಮೋಲಾರ್. ಇದು ಕ್ಯಾಲ್ಸಿಯಂ ಹಿಡಿದಿಡುತ್ತದೆ. ಬಾಲ ಮೊಟಕಾಯಿತು. ಪಕ್ಕದ ಸಾಲಿಗೆ ಇಜಿಟಿಎ ಜೊತೆ ಕ್ಯಾಲ್ಸಿಯಂ ಕ್ಲೋರೈಡ್ ವಾಪಸ್ ಹಾಕಿದರೆ ಬಾಲವೂ ವಾಪಸ್. ಈ ವಾಪಸ್ ಸಾಲು ಬಹಳ ಮುಖ್ಯ, ಏಕೆಂದರೆ ಇಜಿಟಿಎ ಸತು, ಮ್ಯಾಂಗನೀಸ್‌ಗಳನ್ನೂ ಹಿಡಿಯುತ್ತದೆ. ಇನ್ನೊಂದು ಎಚ್ಚರ ಇದೆ. ಇಜಿಟಿಎ ಕ್ಯಾಲ್ಸಿಯಂ ಹಿಡಿಯುವಾಗ ಆಮ್ಲ ಬಿಡುತ್ತದೆ. ಆರ್‌ಪಿಎಂಐಯಲ್ಲಿ 0.165 ಮೋಲಾರ್ ಮಾಪ್ಸ್ ಬಫರ್ ಇರುವುದರಿಂದ ಪಿಎಚ್ ಅಲುಗುವುದಿಲ್ಲ. ಆದರೆ ಬಫರ್ ಇಲ್ಲದ ವೈಪಿಡಿ ಎಂಬ ಮೀಡಿಯಾದಲ್ಲಿ ಪಿಎಚ್ ಇಳಿಯುತ್ತದೆ. ಬಾಲ ಪಿಎಚ್ ಇಳಿದರೂ ಹೋಗುತ್ತದೆ! ಪಿಎಚ್ 5ರ ಕೆಳಗೆ ಬಾಲ ಬಿಡುವ ಸ್ಟ್ರೇನ್‌ಗಳೆಲ್ಲ ಸಾಮಾನ್ಯ ಸ್ಟ್ರೇನ್‌ಗಳ ಹಾಗೆ ಕಾಣುತ್ತವೆ. ನೀವು ಕ್ಯಾಲ್ಸಿಯಂ ಕಾರಣ ಅಂದುಕೊಂಡಿರುತ್ತೀರಿ, ಕೆಲಸ ಮಾಡಿದ್ದು ಹುಳಿ.

ಇದೇ ಗುಣವನ್ನು ಸೈಕ್ಲೊಸ್ಪೊರಿನ್ ಇಲ್ಲದ ಲ್ಯಾಬ್‌ನವರು ಬಳಸಿಕೊಳ್ಳಬಹುದು. ಪಿಎಚ್ 4.5ರ ಮೀಡಿಯಾದಲ್ಲಿ ಒಂದು ಸಾಲು ಹಾಕಿ. ಬಾಲ ಹೋದರೆ ತಾಳಿಕೆ, ಬೆಳವಣಿಗೆ ಹಾಗೇ ನಿಂತರೆ ರೆಸಿಸ್ಟೆನ್ಸ್. ಆ ಎಂಐಸಿಯನ್ನು ಮಾತ್ರ ರಿಪೋರ್ಟ್‌ಗೆ ಬರೆಯಬೇಡಿ.

ಬಾಲ ಹೋಗದಿದ್ದರೆ

ನೀರು ಸರಿ, 24 ಗಂಟೆ ಸರಿ, ಸೈಕ್ಲೊಸ್ಪೊರಿನ್ ಹಾಕಿದರೂ 8ರ ಮೇಲೆ ದಪ್ಪ ಗುಂಡಿ ಇದ್ದರೆ ಅದು ನಿಜವಾದ ರೆಸಿಸ್ಟೆನ್ಸ್. ತಡ ಮಾಡದೆ ಡಾಕ್ಟರಿಗೆ ಫೋನ್ ಮಾಡಿ, ಸ್ಟ್ರೇನನ್ನು ದೊಡ್ಡ ಲ್ಯಾಬ್‌ಗೆ ಕಳಿಸಿ.

ಕ್ಯಾಸ್ಪೊಫಂಜಿನ್ (ಒಂದು ಎಕೈನೊಕ್ಯಾಂಡಿನ್) ಪರೀಕ್ಷೆ ಮಾಡುವವರಿಗೆ ಒಂದು ಮಾತು. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಬೂಸ್ಟಿನಲ್ಲಿ ಔಷಧ ತೀರಾ ಜಾಸ್ತಿ ಇರುವ ವೆಲ್‌ಗಳಲ್ಲಿ ಬೆಳವಣಿಗೆ ಮತ್ತೆ ಕಾಣಿಸಿದರೆ ಪೈಪೆಟ್ ಬೈಯಬೇಡಿ. ಅದರ ಹಿಂದೆಯೂ ಕ್ಯಾಲ್ಸಿನ್ಯೂರಿನ್ ಇದೆ. ಅಲ್ಲಿ ಗೋಡೆ ಒಡೆದ ಸುದ್ದಿಯನ್ನು ಕ್ಯಾಲ್ಸಿಯಂ ಮುಟ್ಟಿಸುತ್ತದೆ.

ರಿಪೋರ್ಟ್

ನಮ್ಮ ಸ್ಟ್ರೇನ್‌ಗೆ ಬರೆದದ್ದು ಇಷ್ಟು: ‘ಫ್ಲುಕೊನಜೋಲ್ ಎಂಐಸಿ 1, ಸೂಕ್ಷ್ಮ. 48 ಗಂಟೆಗೆ ಟ್ರೇಲಿಂಗ್ ಇದೆ.’ ಕೊನೆಯ ಸಾಲು ಬರೆಯಬೇಕೋ ಬೇಡವೋ ಎಂದು ನಮ್ಮಲ್ಲೇ ಚರ್ಚೆ ಆಯಿತು. ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಟ್ರೇಲಿಂಗ್ ಸ್ಟ್ರೇನ್ ಹಾಕಿದ ಇಲಿಗಳು ಫ್ಲುಕೊನಜೋಲ್‌ಗೆ ಗುಣವಾಗಿವೆ, ಹಾಗಾಗಿ ಅದನ್ನು ಸೂಕ್ಷ್ಮ, ಅಂದರೆ ಔಷಧ ನಾಟುವುದು, ಎಂದೇ ಓದುತ್ತೇವೆ. ಆದರೆ ಔಷಧ ಕೊಟ್ಟರೂ ರಕ್ತದಲ್ಲಿ ಉಳಿದುಕೊಂಡ ಕ್ಯಾಂಡಿಡಾಗಳಲ್ಲಿ ತಾಳಿಕೆ ಜಾಸ್ತಿ ಇತ್ತು ಎಂದೂ 2018ರಲ್ಲಿ ಬಂದ ಕೆಲಸ ತೋರಿಸಿದೆ. ಹಾಸಿಗೆ ಪಕ್ಕ ನಿಂತ ಡಾಕ್ಟರಿಗೆ ಎರಡೂ ಗೊತ್ತಿರಲಿ. ಸೈಕ್ಲೊಸ್ಪೊರಿನ್ ಸೇರಿಸಿ ಕೊಡುವ ಮಾತು ಮಾತ್ರ ಬೇಡ. ಅದು ರೋಗಿಯ ಸ್ವಂತ ರಕ್ಷಣೆಯನ್ನೇ ತಗ್ಗಿಸುತ್ತದೆ. ಶಿಲೀಂಧ್ರದ ಕ್ಯಾಲ್ಸಿನ್ಯೂರಿನ್ ಮಾತ್ರ ಹಿಡಿಯುವ ಔಷಧಕ್ಕಾಗಿ ಹುಡುಕಾಟ ನಡೆದಿದೆ. ಸದ್ಯಕ್ಕೆ ಇದು ನಮ್ಮ ಪ್ಲೇಟ್‌ನ ಪರೀಕ್ಷೆ ಅಷ್ಟೆ.

ಕಾಕಾ ಈಗ ಎರಡು ಕ್ಯಾನ್‌ಗೆ ಬಣ್ಣದ ಟೇಪ್ ಸುತ್ತಿದ್ದಾರೆ. ನೀಲಿ ಮೀಡಿಯಾಕ್ಕೆ, ಕೆಂಪು ಗಾಜು ತೊಳೆಯಲು. ನೀಲಿ ಕ್ಯಾನ್‌ನ ಕುತ್ತಿಗೆಗೆ ಟಿಡಿಎಸ್ ಪೆನ್ ದಾರ ಕಟ್ಟಿ ತೂಗುಹಾಕಿದ್ದಾರೆ. ಹಿಡಿದ ದಿನ, ಅಂಕಿ, ತಮ್ಮ ಸಹಿ, ಮೂರೂ ಪುಸ್ತಕದಲ್ಲಿ. ನಿನ್ನೆಯ ಅಂಕಿ 4.